ಅಡ್ಡ ಸರಳಿನ ಹನ್ನೊಂದು ಸುತ್ತು

ಡಾಕ್ಟರಬಾಯಿಯವರ ಕಾರಿನ ಮುಂದಿನ ಎಡ ಚಕ್ರ ಕೂಗತೊಡಗಿದ್ದು ಉಪ್ಪಿನಕಾಯಿಯ ಮಾವು ಬರುವ ದಿನಗಳಲ್ಲಿ. ಮೊದಮೊದಲು ಕಿವಿಯ ಹತ್ತಿರ ದುಂಬಿ ಹಾರಿದ ಹಾಗೆ ಗುಂಯ್ ಎನ್ನುತ್ತಿತ್ತು. ಎರಡು ವಾರ ಕಳೆಯುವಷ್ಟರಲ್ಲಿ ಬೀಸುಕಲ್ಲಿನ ನಡುವೆ ಹರಳು ಸಿಕ್ಕಂಥ ಸದ್ದಾಯಿತು. ಬಾಯಿಯವರು ಜಾಕ್ ಕೊಟ್ಟು ಚಕ್ರ ಎತ್ತಿ, ಎರಡೂ ಕೈಯಿಂದ ಹಿಡಿದು ಅಲುಗಿಸಿದರು. ಬೀಳಲಿರುವ ಹಲ್ಲಿನ ಹಾಗೆ ಅಲುಗಿತು. ಬೇರಿಂಗ್ ಹೋಗಿದೆ ಎಂದರು.

ಕಾರು ರಿಪೇರಿ ಮಾಡಿದ್ದೆ ಎಂದು ನಾನು ಹೇಳಿದರೆ ನೀವು ನಗುತ್ತೀರಿ, ಮಕ್ಕಳೇ. ನೀವು ನಕ್ಕರೆ ನನಗೆ ಮುಂದಿನ ಮಾತು ಮರೆತುಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಹಳ್ಳಿಯ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತ ಕೈ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿ.

ಆಗ ನಮ್ಮ ಧಾರವಾಡ, ಬಿಜಾಪುರಗಳೂ ಮುಂಬೈ ರಾಜ್ಯದಲ್ಲೇ ಇದ್ದವು. ನಾನು ವಿಲೆ ಪಾರ್ಲೆಯಲ್ಲಿ ಆರು ಮಂಚದ ಒಂದು ಹೆರಿಗೆ ಮನೆಯಲ್ಲಿ ಆಯಾ. ನಿಮ್ಮ ಅಜ್ಜ ಹೋಗಿ ಎರಡು ವರ್ಷವಾಗಿತ್ತು. ನಿಮ್ಮ ಅವ್ವ ಆರು ವರ್ಷದವಳು, ಹಿಂದಿನ ಕೋಣೆಯಲ್ಲಿ ನನ್ನ ಜೊತೆಯೇ ಇದ್ದಳು. ಹೆರಿಗೆ ಮನೆ ನಡೆಸುತ್ತಿದ್ದ ಡಾಕ್ಟರಬಾಯಿ ಧಾರವಾಡದವರು. ಕೈ ತೊಳೆಯುವುದು, ಬಟ್ಟೆ ಕುದಿಸುವುದು, ಔಷಧದ ಹನಿಯನ್ನು ಬಾಯಿಬಿಟ್ಟು ಒಂದರಿಂದ ಎಣಿಸುವುದು, ಎಲ್ಲವನ್ನೂ ಕೈ ಹಿಡಿದು ಕಲಿಸಿದ್ದು ಅವರೇ. ನಾನು ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದೆ. ಕೇಳದೆ ಮಾತಾಡುತ್ತಿರಲಿಲ್ಲ.

ಆ ಕಾರು ಶೋಕಿಯದಲ್ಲ. ಟಾಂಗಾ ಹೋಗದ ಕಡೆಯಿಂದ ಬಸುರಿಯರನ್ನು ಕರೆತರುವುದಕ್ಕೆ ಅಂತಲೇ ಬಾಯಿಯವರು ಹಳೆಯದೊಂದು ವಿಲಾಯತಿ ಕಾರು ಕೊಂಡಿದ್ದರು. ತಾವೇ ಓಡಿಸುತ್ತಿದ್ದರು. ಆ ಬೇಸಿಗೆಯಲ್ಲಿ ಅವರ ಮನಸ್ಸೆಲ್ಲ ಅಂಧೇರಿಯ ಆಚೆ ಕಲ್ಲುಗಣಿಯಲ್ಲಿದ್ದ ಒಬ್ಬ ಹೆಂಗಸಿನ ಮೇಲಿತ್ತು. ಬಿಜಾಪುರದ ಕಡೆಯವಳು, ಗಂಡ ಕಲ್ಲು ಒಡೆಯುತ್ತಿದ್ದ. ಎರಡು ಹೆರಿಗೆ ಗುಡಿಸಲಿನಲ್ಲೇ ಆಗಿ ಎರಡು ಕೂಸೂ ಉಳಿದಿರಲಿಲ್ಲ. ಎರಡನೆಯ ಸಲ ಅವಳೇ ಉಳಿದದ್ದು ಹೆಚ್ಚು. ಈ ಸಲ ಹೆರಿಗೆ ನಮ್ಮಲ್ಲೇ ಆಗಬೇಕು, ದಿನ ಹತ್ತಿರ ಬಂದಾಗ ಕಾರಿನಲ್ಲಿ ನಾನೇ ಬಂದು ಕರೆದೊಯ್ಯುತ್ತೇನೆ ಎಂದು ಬಾಯಿಯವರು ಅವಳ ಅತ್ತೆಗೆ ಮಾತು ಕೊಟ್ಟಿದ್ದರು. ದಿನ ಬರುವುದು ಮಳೆ ಹಿಡಿದ ಮೇಲೆ.

ಕಾರನ್ನು ಯಾವಾಗಲೂ ನೋಡುತ್ತಿದ್ದ ಗ್ಯಾರೇಜಿನವರು ವಿಲಾಯತಿ ಬೇರಿಂಗ್ ಬರುವುದಕ್ಕೆ ತಿಂಗಳಾಗಬಹುದು ಎಂದರು. ಬಾಯಿಯವರು ಬೈಕುಲ್ಲಾದ ಹಳೇ ಸಾಮಾನಿನ ಅಂಗಡಿಗಳಲ್ಲಿ ಎರಡು ದಿನ ತಿರುಗಿ, ಅದೇ ಅಳತೆಯದನ್ನು ಎಣ್ಣೆಕಾಗದದಲ್ಲಿ ಸುತ್ತಿಸಿಕೊಂಡು ತಂದರು. ಕಾರಿನ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕ ಅವರ ಹತ್ತಿರ ಇತ್ತು. ಶನಿವಾರ ಮಧ್ಯಾಹ್ನ ಅದನ್ನು ಕಿಟಕಿಯ ಕಟ್ಟೆಯ ಮೇಲೆ ತೆರೆದಿಟ್ಟು, ಸೆರಗು ಬಿಗಿದು, "ಹೊಟ್ಟೀ ಕೊಯ್ದು ಹೊಲೀತೇವಂತ, ಇದೊಂದು ಚಕ್ರ ಬಿಚ್ಚಲಿಕ್ಕೆ ಏನು?" ಎಂದರು.

ಎದುರಿನ ಹೋಟೆಲಿನ ಧಣಿ ಉಡುಪಿಯ ಕಡೆಯವರು. ಗಲ್ಲಾ ಬಿಟ್ಟು ಬಂದು, ಎಲೆ ಅಡಿಕೆ ಡಬ್ಬಿ ಹಿಡಿದು ನಮ್ಮ ಗೇಟಿನ ಹತ್ತಿರ ನಿಂತರು. "ಡಾಕ್ಟ್ರೇ, ಬಿಚ್ಚುವುದು ನಾನು ಸಹ ಬಿಚ್ಚಿಯೇನು. ಕಟ್ಟುವಾಗ ನಾಲ್ಕು ಸಾಮಾನು ಉಳಿಯುತ್ತದಲ್ಲ, ಅದನ್ನು ಎಲ್ಲಿ ಇಡುವುದು ಅಂತ ಈಗಲೇ ನೋಡಿ ಇಟ್ಟುಕೊಳ್ಳಿ" ಎಂದರು.

ಉಳಿಯಬಾರದೆಂದು ಬಾಯಿಯವರು ಆಪರೇಷನ್ ಕ್ರಮವನ್ನೇ ಹಿಡಿದರು. ನೆಲದ ಮೇಲೆ ಬಿಳಿ ಬಟ್ಟೆ. ಬಿಚ್ಚಿದ ಸಾಮಾನು ಬಿಚ್ಚಿದ ಸಾಲಿನಲ್ಲೇ ಎಡದಿಂದ ಬಲಕ್ಕೆ. ಪ್ರತಿಯೊಂದನ್ನೂ ನೋಟ್‌ಬುಕ್ಕಿನಲ್ಲಿ ಬರೆಯುವುದು. ಚಕ್ರ ತೆಗೆದೆವು. ನಡುವಿನ ತಗಡಿನ ಮುಚ್ಚಳ ತೆಗೆದೆವು. ಅದರೊಳಗೆ ಕಿರೀಟದಂತೆ ಹಲ್ಲು ಕತ್ತರಿಸಿದ ದೊಡ್ಡ ನಟ್ಟು, ಅದು ತಿರುಗದಂತೆ ಅಡ್ಡ ತೂರಿಸಿದ ಪಿನ್. ನಟ್ಟು ಬಿಚ್ಚಿ, ಚಕ್ರ ಕೂರುವ ದುಂಡನೆಯ ಗುಂಬವನ್ನು ಎಳೆದಾಗ ಕಪ್ಪು ಗ್ರೀಸಿನಲ್ಲಿ ಒಡೆದ ಗುಂಡುಗಳು ಹೊರಬಿದ್ದವು. ಬೇರಿಂಗಿನ ಹೊರ ಬಳೆ ಮಾತ್ರ ಗುಂಬದೊಳಗೆ ಅಂಟಿ ಕೂತಿತ್ತು. ಅಡುಗೆಮನೆಯ ಹಿತ್ತಾಳೆಯ ಕುಟ್ಟಾಣಿ ತಂದು ಒಂದು ಏಟು ಈ ಕಡೆ, ಒಂದು ಏಟು ಆ ಕಡೆ ಕೊಟ್ಟೆವು. ಒಂದೇ ಕಡೆ ಹೊಡೆದರೆ ಓರೆಯಾಗಿ ಸಿಕ್ಕಿಕೊಳ್ಳುತ್ತದಂತೆ. ಒಂದು ತಾಸು ಹಿಡಿಯಿತು.

ಗುಂಬವನ್ನು ಸೀಮೆಎಣ್ಣೆಯಲ್ಲಿ ತೊಳೆಯುವಾಗ ಬಾಯಿಯವರ ಕಣ್ಣು ಪಕ್ಕದ ಇನ್ನೊಂದು ಭಾಗದ ಮೇಲೆ ಬಿತ್ತು. ಮುಂದಿನ ಎರಡೂ ಚಕ್ರಗಳು ಜೊತೆಯಾಗಿ ತಿರುಗಲಿ ಎಂದು ಅವನ್ನು ಜೋಡಿಸುವ ಒಂದು ಅಡ್ಡ ಸರಳು ಅಚ್ಚಿನ ಹಿಂದೆ ಇರುತ್ತದೆ. ಸರಳಿನ ತುದಿಗೆ ತಿರುಪಿನಿಂದ ಕೂರಿಸಿದ ಒಂದು ತಲೆ, ಆ ತಲೆಯೊಳಗೆ ಗುಂಡಿನ ಕೀಲು. ಧೂಳು ಹೋಗದಂತೆ ಅದಕ್ಕೆ ತೊಡಿಸಿದ್ದ ಚರ್ಮದ ಟೊಪ್ಪಿಗೆ ಹರಿದು, ಒಳಗೆ ಮಣ್ಣು ತುಂಬಿತ್ತು. ಹೇಗೂ ಬಿಚ್ಚಿದ್ದೇವೆ, ಇದನ್ನೂ ಮಾಡಿಬಿಡೋಣ, ತಲೆಯನ್ನು ತೆಗೆದು ಮೇಜಿನ ಮುಂದೆ ಕೂತು ಹೊಸ ಟೊಪ್ಪಿಗೆ ಹೊಲಿಯುತ್ತೇನೆ ಎಂದರು.

ಅವರ ಕೈಯೆಲ್ಲ ಗ್ರೀಸು. ನಾನು ಕಾರಿನ ಕೆಳಗೆ ತೂರಿ, ಅದನ್ನು ಬಿಗಿದಿದ್ದ ಹಿಡಿಪಟ್ಟಿ ಸಡಿಲಿಸಿ, ಸರಳಿನ ತಲೆಯನ್ನು ತಿರುಗಿಸಿ ತಿರುಗಿಸಿ ಹೊರತೆಗೆದೆ. ಎಷ್ಟು ಸುತ್ತು ಆಯಿತು ಎಂದು ಮೇಲಿನಿಂದ ಕೇಳಿದರು. ಹನ್ನೊಂದು ಎಂದೆ. ಬರೆದುಕೊಂಡರು.

ಅಷ್ಟರಲ್ಲಿ ಒಂದು ಹೆರಿಗೆ ಬಂತು. ಉಳಿದ ಕೆಲಸ ಭಾನುವಾರಕ್ಕೆ ಹೋಯಿತು. ಬೆಳಿಗ್ಗೆ ಗುಂಬವನ್ನು ಉಪಕರಣ ಕುದಿಸುವ ಪಾತ್ರೆಯಲ್ಲಿ ಕುದಿಸಿದೆವು. ಹೊಸ ಬಳೆಯನ್ನು ಹೋಟೆಲಿನಿಂದ ತಂದ ಐಸಿನಲ್ಲಿ ಹೂತಿಟ್ಟೆವು. ಬಿಸಿಗೆ ಹಿಗ್ಗಿದ್ದರೊಳಗೆ ಚಳಿಗೆ ಕುಗ್ಗಿದ್ದು ಟಕ್ ಎಂದು ಕೂತಾಗ ಬಾಯಿಯವರು ನನ್ನ ಬೆನ್ನು ತಟ್ಟಿದರು. ಗ್ರೀಸಿನ ಐದು ಬೆರಳು ಕುಪ್ಪಸದ ಮೇಲೆ ಕೊನೆಯವರೆಗೂ ಉಳಿದವು. ಆಮೇಲೆ ನಾನು ಕೂಸಿಗೆ ನೀರು ಹಾಕಲು ಒಳಗೆ ಹೋದೆ. ಸರಳಿನ ತಲೆಯನ್ನು ಕೂರಿಸಿದ್ದು ಅವರೊಬ್ಬರೇ, ನೋಟ್‌ಬುಕ್ ನೋಡಿಕೊಂಡು. ನಾನು ಹೊರಬರುವಷ್ಟರಲ್ಲಿ ಚಕ್ರ ನೆಲದ ಮೇಲಿತ್ತು. ಬಟ್ಟೆಯ ಮೇಲೆ ಒಂದೂ ಸಾಮಾನು ಉಳಿದಿರಲಿಲ್ಲ. ಹೋಟೆಲಿನ ಧಣಿ ಬಟ್ಟೆಯನ್ನು ಎತ್ತಿ ಕೊಡವಿ ನೋಡಿ, ಬೇಜಾರಿನಿಂದ ಹಿಂದಿರುಗಿದರು.

ಸದ್ದು ಹೋಗಿತ್ತು. ಆದರೆ ಘೋಡಬಂದರ್ ರಸ್ತೆಗೆ ಹೋಗಿ ಬಂದ ಬಾಯಿಯವರ ಮುಖ ಹೋಗುವಾಗ ಇದ್ದಂತೆ ಇರಲಿಲ್ಲ. ಮರುದಿನ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದರು. ನೇರ ಹೋಗುವಾಗ ಸ್ಟಿಯರಿಂಗಿನ ಅಡ್ಡ ಕಡ್ಡಿ ನೆಲಕ್ಕೆ ಸಮವಾಗಿರಬೇಕು, ಮೊದಲು ಹಾಗೇ ಇತ್ತು. ಈಗ ಎಡಕ್ಕೆ ವಾಲಿಸಿ ಹಿಡಿದರೆ ಮಾತ್ರ ಕಾರು ನೇರ ಹೋಗುತ್ತಿತ್ತು. ಸಮ ಮಾಡಿದರೆ ಬಲಕ್ಕೆ ಎಳೆಯುತ್ತಿತ್ತು. ತಿರುವಿನಲ್ಲಿ ಟೈರು ಕುಂಯ್ ಎನ್ನುತ್ತಿತ್ತು.

ನಾವು ಮುಟ್ಟಿದ್ದು ಬೇರಿಂಗ್. ಹಾಗಾದರೆ ತಪ್ಪಿರುವುದೂ ಬೇರಿಂಗಿನಲ್ಲೇ. ಇದಕ್ಕಿಂತ ಸರಳವಾದ ತರ್ಕ ಯಾವುದಿದೆ? ಮತ್ತೆ ಬಿಚ್ಚಿದೆವು. ನಟ್ಟನ್ನು ಚಕ್ರ ತಡೆದು ನಿಲ್ಲುವಷ್ಟು ಬಿಗಿದು, ಆಮೇಲೆ ಕಿರೀಟದ ಒಂದು ಹಲ್ಲಿನಷ್ಟು ಹಿಂದಕ್ಕೆ ಬಿಡಬೇಕು ಎಂದು ಪುಸ್ತಕದಲ್ಲಿತ್ತು. ಹಾಗೇ ಮಾಡಿದ್ದೆವು. ಇನ್ನೊಂದು ಹಲ್ಲು ಬಿಗಿದು ನೋಡಿದರು. ಗುಂಬ ಕೈ ಸುಡುವಷ್ಟು ಬಿಸಿಯಾಯಿತು. ಒಂದು ಹಲ್ಲು ಸಡಿಲಿಸಿ ನೋಡಿದರು, ಚಕ್ರ ಅಲುಗಿತು. ಮೊದಲಿನಂತೆಯೇ ಮಾಡಿದರು. ಯಾವುದಕ್ಕೂ ಸ್ಟಿಯರಿಂಗಿನ ಕಡ್ಡಿ ಕೂದಲೆಳೆಯಷ್ಟೂ ಸರಿಯಲಿಲ್ಲ.

ಹೋಟೆಲಿನ ಧಣಿಯವರು ಎರಡು ಟೈರೂ ಒಂದೇ ತಾಯಿಯ ಮಕ್ಕಳಲ್ಲ, ಬಲದ್ದನ್ನು ಎಡಕ್ಕೆ ಹಾಕಿ ನೋಡಿ ಎಂದರು. ಹಾಕಿದೆವು. ಅದೇ ಕತೆ. ತಿರುಗಿ ಮೊದಲಿನಂತೆಯೇ ಹಾಕಿದೆವು. ಹಾಗಾದರೆ ಗಾಳಿ ಎಂದರು. ಗಾಳಿ ನೋಡಿದೆವು. ಹಾಗಾದರೆ ಡಾಕ್ಟ್ರು ಕೂರುವುದೇ ಸ್ವಲ್ಪ ಓರೆ ಎಂದರು. ಅದನ್ನು ನೋಡಲಿಲ್ಲ.

ಒಂದು ವಾರ ಹೋಯಿತು. ಕಾರು ಒರೆಸುವಾಗ ನನ್ನ ಕೈಗೆ ಮುಂದಿನ ಎಡ ಟೈರಿನ ಹೊರ ಅಂಚು ಹರಿತವಾಗಿ ತಾಕಿತು. ರಬ್ಬರು ಸವೆದು, ಎಳೆಯೆಳೆಯಾಗಿ ಒಳಮುಖವಾಗಿ ಎದ್ದಿತ್ತು. ಈಚೆ ಬಂದು ಬಲದ ಟೈರು ಮುಟ್ಟಿದೆ. ಅಲ್ಲೂ ಹಾಗೇ. ಬಲದ ಚಕ್ರದ ಒಳಗೆ ನಾವು ಏನನ್ನೂ ಬಿಚ್ಚಿರಲಿಲ್ಲ. ಎಡಗಾಲಿಗೆ ಮುಳ್ಳು ಚುಚ್ಚಿದರೆ ಬಲಗಾಲಿನ ಚಪ್ಪಲಿ ಏಕೆ ಸವೆಯುತ್ತದೆ? ಬಾಯಿಯವರನ್ನು ಕರೆದು ಬರಿ ಬೆರಳಿನಿಂದ ತೋರಿಸಿದೆ. ಅವರು ಕುಕ್ಕರಗಾಲಲ್ಲಿ ಕೂತು ಎರಡೂ ಟೈರು ಮುಟ್ಟಿ ನೋಡಿದರು.

ಬೈಕುಲ್ಲಾದಲ್ಲಿ ಬೇರಿಂಗ್ ಕೊಟ್ಟ ಅಂಗಡಿಯ ಪಕ್ಕ ಒಬ್ಬ ವಯಸ್ಸಾದ ಮಿಸ್ತ್ರಿ ಇದ್ದ. ಅವನಲ್ಲಿಗೆ ಹೋದೆವು. ಎಡ ಚಕ್ರ ಎತ್ತಿಸಿ ತಿರುಗಿಸಿದ, ಕಿವಿ ಕೊಟ್ಟು ಕೇಳಿದ. ಬೇರಿಂಗ್ ಕೂರಿಸಿದ ಕೈ ಯಾರದು ಎಂದು ಕೇಳಿ, ಬಾಯಿಯವರದೆಂದು ತಿಳಿದು ಸಲಾಂ ಮಾಡಿದ. "ಔರ್ ಕ್ಯಾ ಕಿಯಾ, ಬಾಯಿ?" ಎಂದ. ಮತ್ತೇನು ಮಾಡಿದಿರಿ ಎಂದು ಅವನು ಕೇಳಿದ್ದು ನನಗೂ ತಿಳಿಯಿತು. ಬಾಯಿಯವರು ಮತ್ತೇನಿಲ್ಲ, ಬರೀ ಬೇರಿಂಗ್ ಎಂದರು. ನಾನು ಹಿಂದಿನ ಸೀಟಿನಲ್ಲಿ ಕೂತಿದ್ದೆ. ನನಗೂ ಬೇರೇನೂ ನೆನಪಾಗಲಿಲ್ಲ. ಚರ್ಮದ ಟೊಪ್ಪಿಗೆ ಹೊಲಿದದ್ದು ನಮ್ಮಿಬ್ಬರ ಪಾಲಿಗೂ ಹೊಲಿಗೆಯ ಕೆಲಸ, ಕಾರಿನ ಕೆಲಸವಲ್ಲ.

ಹಾಗಿದ್ದರೆ ಗುಂಬ ಕುಟ್ಟುವಾಗ ಅಚ್ಚು ಬಾಗಿದೆ ಎಂದ ಮಿಸ್ತ್ರಿ. ಅಚ್ಚು ಇಳಿಸಬೇಕು, ಕಾಯಿಸಿ ನೇರ ಮಾಡಬೇಕು, ಕಾರು ಮೂರು ವಾರ ಇಲ್ಲೇ ಇರಬೇಕು. ಬಾಯಿಯವರು ಬೆರಳು ಮಡಿಸಿ ನೋಡಿದರು. ಗಣಿಯ ಹೆಂಗಸಿಗೆ ಉಳಿದಿದ್ದದ್ದು ಹದಿನೈದು ದಿನ, ಹೆಚ್ಚೆಂದರೆ ಇಪ್ಪತ್ತು. ಕಾರನ್ನು ಎಡಕ್ಕೆ ವಾಲಿಸಿ ಹಿಡಿದುಕೊಂಡೇ ಪಾರ್ಲೆಗೆ ಹಿಂದಿರುಗಿದೆವು. ಅಚ್ಚು ಬಾಗುವಂತೆ ಕುಟ್ಟಿದ್ದು ನಾನೋ ಅವರೋ ಎಂದು ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಕುಟ್ಟಾಣಿಯೇ ಬಡಿಯುತ್ತಿತ್ತು.

ಮೊದಲ ಮಳೆ ಬಿದ್ದ ದಿನ ಗಣಿಗೆ ಹೋಗಬೇಕಾಗಿತ್ತು. ಅಂಧೇರಿಯ ರೈಲು ಗೇಟು ದಾಟಿ ಗಣಿಯ ಕಡೆ ತಿರುಗಿದ ಮೇಲೆ ರಸ್ತೆ ಎಂದರೆ ಕಲ್ಲುಪುಡಿ ಮತ್ತು ಕೆಸರು. ಗುಡಿಸಲುಗಳು ಕಾಣುವಷ್ಟು ಹತ್ತಿರ ಬಂದಾಗ ಒಂದು ಆಡು ಅಡ್ಡ ಬಂತು. ಬಾಯಿಯವರು ಬ್ರೇಕು ಒತ್ತಿದರು. ಕಾರು ತಾನು ಹೇಳಿದ್ದನ್ನೇ ಮಾಡುವ ಹಟಮಾರಿಯಂತೆ ಓರೆಯಾಗಿ ಜಾರಿ, ಪಕ್ಕದ ಚರಂಡಿಗೆ ಮೂಗು ಊರಿ ನಿಂತಿತು. ಬಾಯಿಯವರ ಹಣೆ ಊದಿತು. ನನಗೆ ಏನೂ ಆಗಲಿಲ್ಲ. ಆಡಿಗೂ ಆಗಲಿಲ್ಲ.

ಗಣಿಯವರು ಹಗ್ಗ ಕಟ್ಟಿ ಎಳೆದರು. ಬಾಯಿಯವರು ಕೆಸರು ಕಾಲಿನಲ್ಲೇ ಗುಡಿಸಲಿಗೆ ಹೋಗಿ ಆ ಹೆಂಗಸಿನ ಹೊಟ್ಟೆ ಮುಟ್ಟಿ ನೋಡಿದರು. ಕೂಸು ಅಡ್ಡ ಇತ್ತು, ಹೋದ ಸಲದಂತೆಯೇ. ಹೊರಬಂದು, ಇನ್ನು ಹತ್ತು ದಿನ ಬಿಟ್ಟು ಕರೆದೊಯ್ಯುತ್ತೇನೆ ಎಂದು ಅತ್ತೆಗೆ ಹೇಳಿದರು. ಆ ಮುದುಕಿ ಹಣೆಯ ಬಾವನ್ನೂ ಕಾರನ್ನೂ ಒಂದೊಂದಾಗಿ ನೋಡಿದಳು.

"ನಿಮ್ಮ ಕೈ ದೊಡ್ಡದು ಖರೆ, ತಾಯೀ. ಆದರ ನಿಮ್ಮ ಗಾಡಿ ಆಡು ಕಂಡರ ಹಳ್ಳ ಹಿಡೀತೈತಿ. ತುಂಬಿದ ಬಸುರಿನ ಅದರಾಗ ನಾ ಕೂಡಸೂದಿಲ್ಲ. ಸತ್ತರೂ ಇಲ್ಲೇ, ಬದುಕಿದರೂ ಇಲ್ಲೇ."

ಒಳಗೆ ಸೊಸೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ಅದನ್ನು ನಾನು ಬಾಗಿಲಿನಿಂದ ನೋಡಿದೆ.

ಹೀಗೆಂದು ಬರಿಗೈಯಲ್ಲಿ ಕಳಿಸುವವಳಲ್ಲ ಆ ಮುದುಕಿ. ಊರಿನಿಂದ ಬಂದ ಜೋಳ ಇತ್ತು. ನನ್ನನ್ನು ಕರೆದು ಸೆರಗು ಒಡ್ಡಿಸಿ, ಡಬ್ಬಿಯಿಂದ ಅಳೆದು ಸುರಿದಳು. ಲಾಭ, ಎರಡು, ಮೂರು, ನಾಲ್ಕು. ನಾಲ್ಕು ಅಳತಿ ಐತಿ, ರೊಟ್ಟಿ ಮಾಡಿಕೊಂಡು ತಿನ್ನು ಎಂದಳು. ನಾನು ಸೆರಗು ಕಟ್ಟಿಕೊಂಡು ಕಾರಿನ ಕಡೆ ನಡೆದೆ. ನನ್ನ ಲೆಕ್ಕದಲ್ಲಿ ಮೂರೇ ಆಗಿತ್ತು.

ಇದನ್ನು ನಿಮಗೆ ಬಿಡಿಸಿ ಹೇಳಬೇಕು, ನೀವು ಕಾಳು ಅಳೆದವರಲ್ಲ. ನಮ್ಮ ಕಡೆ ರಾಶಿ ಅಳೆಯುವಾಗ ಮೊದಲ ಅಳತೆಗೆ ಒಂದು ಎನ್ನಬಾರದು, ಲಾಭ ಎನ್ನಬೇಕು. ಒಂದು ಎಂದರೆ ಅಲ್ಲಿಗೇ ನಿಂತುಹೋಗುತ್ತದೆ ಎಂಬ ಅಂಜಿಕೆ. ಆದರೆ ಲಾಭದ ಮುಂದೆ ಏನು ಎನ್ನುವುದು ಊರಿಂದೂರಿಗೆ ಬೇರೆ. ಕೆಲವು ಊರಲ್ಲಿ ಲಾಭ ಆದಮೇಲೆ ಎರಡು. ನನ್ನ ತವರಿನಲ್ಲಿ ಲಾಭದ ಅಳತೆ ದೇವರದು, ಲೆಕ್ಕಕ್ಕಿಲ್ಲ. ಅದು ಆದಮೇಲೆ ಒಂದು. ನನ್ನ ಅಪ್ಪ ಊರಿನ ರಾಶಿಗಳನ್ನೆಲ್ಲ ಅಳೆಯುತ್ತಿದ್ದವನು. ನಾನು ಎಣಿಸಲು ಕಲಿತದ್ದು ಶಾಲೆಯಲ್ಲಲ್ಲ, ಅವನ ರಾಶಿಯ ಪಕ್ಕದಲ್ಲಿ. ಹೆರಿಗೆ ಮನೆಗೆ ಸೇರಿದ ಹೊಸತರಲ್ಲಿ ಔಷಧದ ಹನಿಯನ್ನೂ ಲಾಭದಿಂದ ಎಣಿಸಿ, ಐದು ಹನಿ ಇರಬೇಕಾದಲ್ಲಿ ಆರು ಬೀಳಿಸಿದ್ದೆ. ಬಾಯಿಯವರು ಹಿಡಿದು, ಔಷಧಕ್ಕೆ ದೇವರ ಪಾಲಿಲ್ಲ ಎಂದು ಬೈದಿದ್ದರು. ಅಂದಿನಿಂದ ಔಷಧವನ್ನು ಬಾಯಿಬಿಟ್ಟು ಒಂದರಿಂದ ಎಣಿಸುತ್ತಿದ್ದೆ. ಮನಸ್ಸಿನಲ್ಲಿ ಎಣಿಸುವುದೆಲ್ಲ ಹಳೆಯ ದಾರಿಯಲ್ಲೇ ಹೋಗುತ್ತಿತ್ತೋ ಏನೋ, ಯಾರು ಕಂಡಿದ್ದರು? ನಾನೇ ಕಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಬಾಣಂತಿಯರ ಅನ್ನಕ್ಕೆ ಅಕ್ಕಿ ಅಳೆಯುತ್ತಿದ್ದೆ. ತುಟಿ ಅಲುಗಿಸಿಕೊಳ್ಳುತ್ತಿದ್ದೆ. ಲಾಭ ಎಂದದ್ದು ನನಗೇ ಕೇಳಿಸಿತು. ಪಾವು ಕೈಯಲ್ಲೇ ನಿಂತಿತು. ಕಾರಿನ ಕೆಳಗೆ ಮಲಗಿ ಸರಳಿನ ತಲೆ ತಿರುಗಿಸಿದ್ದು ಕಣ್ಣಿಗೆ ಬಂತು. ಮೂಗಿನ ಮೇಲೆ ಮಣ್ಣು ಉದುರುತ್ತಿತ್ತು, ಬಾಯಿ ಬಿಟ್ಟಿರಲಿಲ್ಲ. ಹಾಗಾದರೆ ಮನಸ್ಸಿನಲ್ಲೇ ಎಣಿಸಿದ್ದೆ. ಔಷಧದ ಎಣಿಕೆಯೋ ರಾಶಿಯ ಎಣಿಕೆಯೋ? ಎಷ್ಟು ಯೋಚಿಸಿದರೂ ತಿಳಿಯಲಿಲ್ಲ. ಹನ್ನೊಂದು ಎಂಬ ಕೊನೆಯ ಮಾತು ನೆನಪಿತ್ತು. ಮೊದಲ ಮಾತು ನೆನಪಿರಲಿಲ್ಲ. ಒಮ್ಮೆ ಲಾಭವೇ ಎನಿಸಿತು. ಇನ್ನೊಮ್ಮೆ, ನಾನು ಈಗ ಬೇಕೆಂದೇ ಹಾಗೆ ನೆನೆಸಿಕೊಳ್ಳುತ್ತಿದ್ದೇನೆ ಎನಿಸಿತು. ಅಷ್ಟಕ್ಕೂ ಒಂದು ಸುತ್ತು ಹೆಚ್ಚು ಕಡಿಮೆಯಾದರೆ ಅಷ್ಟು ದೊಡ್ಡ ಕಾರು ಓರೆಯಾಗುತ್ತದೆಯೇ? ಅಕ್ಕಿ ಎಷ್ಟು ಅಳೆದೆ ಎನ್ನುವುದೂ ಮರೆತು, ಎಲ್ಲವನ್ನೂ ಚೀಲಕ್ಕೆ ಸುರಿದು ಮತ್ತೆ ಮೊದಲಿನಿಂದ ಅಳೆದೆ.

ಬಾಯಿಯವರು ಒಳಗೆ ಕಾಗದ ಬರೆಯುತ್ತಿದ್ದರು. ಕಾರು ಮಾರುವುದಕ್ಕೆ ಯಾರಿಗೋ. ಇನ್ನು ದೂರದವರನ್ನು ಒಪ್ಪಿಕೊಳ್ಳುವುದಿಲ್ಲ, ನಡೆದು ಬರುವವರಷ್ಟೇ ಸಾಕು ಎಂದು ಹಿಂದಿನ ದಿನವೇ ನರ್ಸಿನ ಹತ್ತಿರ ಹೇಳಿದ್ದರು.

ಟಾರ್ಚು ತೆಗೆದುಕೊಂಡು ಕಾರಿನ ಕೆಳಗೆ ಹೋದೆ. ಸರಳಿನ ತಲೆಯ ತಿರುಪು ಸರಳಿನ ಬಾಯೊಳಗೆ ಹೋಗುವ ಜಾಗವನ್ನು ಸೆರಗಿನಿಂದ ಒರೆಸಿ ನೋಡಿದೆ. ಹೊರಗಿದ್ದ ತಿರುಪಿನ ಸುತ್ತುಗಳೆಲ್ಲ ಎಷ್ಟೋ ವರ್ಷದ ತುಕ್ಕು ತಿಂದು ಕಂದಾಗಿದ್ದವು. ಆದರೆ ಸರಳಿನ ಬಾಯಿಗೆ ತಾಗಿದಂತೆ ಒಂದೇ ಒಂದು ಸುತ್ತು ಬೆಳ್ಳಗಿತ್ತು. ಹೊಸ ಬೆಳ್ಳಿಯ ಕಾಲುಂಗುರದ ಹಾಗೆ. ಅದು ಇಷ್ಟು ವರ್ಷ ಒಳಗೆ ಇದ್ದದ್ದು, ಗಾಳಿ ನೀರು ಕಾಣದ್ದು. ಈಗ ಹೊರಗೆ ಬಂದಿತ್ತು.

ಎದ್ದು ಹೊರಬಂದೆ. ಕಾಲು ಒಳಗೆ ಹೋಗಲೊಲ್ಲದು. ನನ್ನ ತಪ್ಪೆಂದು ಹೇಳಿದರೆ ಬಾಯಿಯವರು ಇಟ್ಟುಕೊಳ್ಳದೆ ಹೋಗಬಹುದು. ನಿಮ್ಮ ಅವ್ವನನ್ನು ಕರೆದುಕೊಂಡು ನಾನು ಎಲ್ಲಿ ಹೋಗಲಿ? ಸುಮ್ಮನಿದ್ದರೆ ಕಾರು ಹೋಗುತ್ತದೆ, ಯಾರಿಗೂ ತಿಳಿಯುವುದಿಲ್ಲ. ಆದರೆ ಗೋಡೆಯ ಕಡೆ ತಿರುಗಿದ ಆ ಹೆಂಗಸಿನ ಬೆನ್ನು ಕಣ್ಣ ಮುಂದಿನಿಂದ ಸರಿಯಲಿಲ್ಲ. ಕೇಳದೆ ಮಾತಾಡಿದ್ದು ಅದೇ ಮೊದಲು.

"ಬಾಯಾರ, ಹನ್ನೊಂದು ಅಲ್ಲಂತ ಕಾಣತೈತ್ರೀ. ಹನ್ನೆರಡು ಇರಬೇಕು."

"ಏನು ಹನ್ನೆರಡು?"

ಹೇಳಿದೆ. ಮುದುಕಿಯ ಜೋಳ, ಅಪ್ಪನ ರಾಶಿ, ಬೆಳ್ಳಗಿನ ಸುತ್ತು, ಎಲ್ಲ ಹಿಂದುಮುಂದಾಗಿ ಬಂತು. ಅವರು ಪೆನ್ನು ಕೆಳಗಿಟ್ಟು ಕೇಳಿದರು. ನೋಟ್‌ಬುಕ್ ತಂದು ಆ ಶನಿವಾರದ ಹಾಳೆ ತೆರೆದರು. ಹನ್ನೊಂದರ ಮೇಲೆ ಬೆರಳಿಟ್ಟು, "ಮಿಸ್ತ್ರಿ ಮತ್ತೇನು ಮಾಡಿದ್ರಿ ಅಂತ ಕೇಳಿದಾಗ ಏನೂ ಇಲ್ಲ ಅಂದವಳು ನಾನು. ಪೇಷಂಟು ಹಂಗ ಹೇಳಿದ್ದರ ಬೈತಿದ್ದೆ" ಎಂದರು. ನನಗೆ ಏನೂ ಅನ್ನಲಿಲ್ಲ.

ನಾನು ಈಗಲೇ ಒಂದು ಸುತ್ತು ಒಳಗೆ ಹಾಕಿಬಿಡಲೇ ಎಂದು ಕೇಳಿದೆ. ಬೇಡವೆಂದರು. "ಊಹಾದ ಮ್ಯಾಲೆ ಕತ್ತರಿ ಹಾಕೂದಿಲ್ಲ. ಮೊದಲು ಅಳೀಬೇಕು."

ಪುಸ್ತಕದಲ್ಲಿ ಅಳೆಯುವ ಕ್ರಮವಿತ್ತು. ಮುಂದಿನ ಚಕ್ರಗಳು ಹಿಂಬದಿಗಿಂತ ಮುಂಬದಿಯಲ್ಲಿ ಒಂದಕ್ಕೊಂದು ಸ್ವಲ್ಪವೇ ಹತ್ತಿರ ಇರಬೇಕು, ಒಂದು ಇಂಚಿನ ಎಂಟನೆಯ ಒಂದು ಪಾಲು. ನಮ್ಮ ಅಂಗಳ ಏರುತಗ್ಗು. ಹೋಟೆಲಿನ ಹಿಂದೆ ಕಲ್ಲು ಹಾಸಿದ ಸಮ ಜಾಗವಿತ್ತು. ಧಣಿಯವರು ಒಣಗಲು ಹಾಕಿದ್ದ ಮೆಣಸಿನಕಾಯಿ ತೆಗೆಸಿ ಜಾಗ ಕೊಟ್ಟರು. ಚಕ್ರ ಎತ್ತಿ ತಿರುಗಿಸುತ್ತ, ಅಲುಗದಂತೆ ಮೊಳೆ ಹಿಡಿದು, ಒಂದೊಂದು ಟೈರಿನ ಮೈಯ ನಟ್ಟನಡುವೆ ಸುತ್ತಲೂ ಒಂದು ಗೆರೆ ಎಳೆದೆವು. ಚಕ್ರ ಇಳಿಸಿ, ಕಾರನ್ನು ಹಿಂದೆ ಮುಂದೆ ಒಮ್ಮೆ ತಳ್ಳಿ ನಿಲ್ಲಿಸಿದೆವು. ಆಮೇಲೆ ದಾರಕ್ಕೆ ಸಣ್ಣ ತೂಕ ಕಟ್ಟಿ, ಆ ಗೆರೆಯ ಮುಂದಿನ ಬದಿಯಿಂದ ನೆಲಕ್ಕೆ ಇಳಿಬಿಟ್ಟು, ತೂಕ ನಿಂತಲ್ಲಿ ಗುರುತು. ಹಿಂದಿನ ಬದಿಯಿಂದಲೂ ಹಾಗೇ. ಗುರುತಿಗೆ ಧಣಿಯವರ ಎಲೆ ಡಬ್ಬಿಯ ಸುಣ್ಣ. ಒಂದೊಂದು ಚುಕ್ಕಿ ಇಟ್ಟಾಗಲೂ, "ಡಾಕ್ಟ್ರೇ, ಸ್ವಲ್ಪ ಸಣ್ಣ ಚುಕ್ಕಿ ಇಡಲಿಕ್ಕೆ ಹೇಳಿ, ಮಧ್ಯಾಹ್ನದ ಎಲೆಗೆ ಬೇಕು ನನಗೆ" ಎನ್ನುತ್ತಿದ್ದರು.

ಕಾರನ್ನು ಹಿಂದಕ್ಕೆ ತಳ್ಳಿದೆವು. ಕಲ್ಲಿನ ಮೇಲೆ ನಾಲ್ಕು ಬಿಳಿ ಚುಕ್ಕಿ ಉಳಿದವು. ಬಾಯಿಯವರು ಟೇಪು ಹಿಡಿದು ಮಂಡಿಯೂರಿದರು. ಮುಂದಿನ ಎರಡು ಚುಕ್ಕಿ ಹಿಂದಿನ ಎರಡಕ್ಕಿಂತ ಕಾಲು ಇಂಚಿಗೂ ಹೆಚ್ಚು ಹತ್ತಿರ ಇದ್ದವು. ಚಕ್ರಗಳು ಒಳಗಾಲು ಹಾಕಿ ನಡೆಯುವವರಂತೆ ನಡೆಯುತ್ತಿದ್ದವು. ಸರಳು ಅಚ್ಚಿನ ಹಿಂದೆ ಇರುವುದರಿಂದ ಅದು ಉದ್ದವಾದರೆ ಚಕ್ರಗಳ ಹಿಂಬದಿ ಹೊರಕ್ಕೆ ಹೋಗಿ ಮುಂಬದಿ ಒಳಕ್ಕೆ ಬರುತ್ತದೆ ಎಂದು ಬಾಯಿಯವರು ಎರಡು ಕೈ ಚಾಚಿ ತೋರಿಸಿದರು. ಎರಡು ಚಕ್ರಕ್ಕೂ ಸರಳು ಒಂದೇ, ಓರೆ ನಡೆಯುವ ಕಷ್ಟವನ್ನು ಎರಡೂ ಹಂಚಿಕೊಳ್ಳುತ್ತವೆ. ಬಲಗಾಲಿನ ಚಪ್ಪಲಿ ಏಕೆ ಸವೆಯಿತೆಂದು ಆಗ ನನಗೆ ತಿಳಿಯಿತು.

ತಲೆಯನ್ನು ಮತ್ತೆ ಬಿಚ್ಚಿ ತೆಗೆದು ಕೂರಿಸಿದೆ. ಈ ಸಲ ಕಾರಿನ ಕೆಳಗಿನಿಂದ ಜೋರಾಗಿ ಎಣಿಸಿದೆ, ಒಂದರಿಂದ ಹನ್ನೆರಡರವರೆಗೆ. ಹೋಟೆಲಿನ ಅಡುಗೆಯವರೂ ಕೇಳುತ್ತ ನಿಂತಿದ್ದರಂತೆ. ಬೆಳ್ಳಗಿನ ಸುತ್ತು ಸರಳಿನೊಳಗೆ ಮಾಯವಾಯಿತು. ಮತ್ತೆ ಗೆರೆ, ದಾರ, ಸುಣ್ಣ. ಈಗ ಅಂತರ ಒಂದು ಇಂಚಿನ ಎಂಟನೆಯ ಪಾಲು, ಪುಸ್ತಕದಲ್ಲಿದ್ದಷ್ಟೇ. ಸುಣ್ಣ ಮುಗಿದಿತ್ತು.

ಘೋಡಬಂದರ್ ರಸ್ತೆಯಲ್ಲಿ ಸ್ಟಿಯರಿಂಗಿನ ಕಡ್ಡಿ ಸಮವಾಗಿ ನಿಂತಿತು. ಬಾಯಿಯವರು ಒಮ್ಮೆ ಕೈ ಬಿಟ್ಟರು. ಕಾರು ನೇರ ಹೋಯಿತು. ಬರೆದಿಟ್ಟ ಕಾಗದವನ್ನು ಅವರು ಏನು ಮಾಡಿದರೋ ನಾನು ಕೇಳಲಿಲ್ಲ. ನೋಟ್‌ಬುಕ್ಕಿನಲ್ಲಿ ಹನ್ನೊಂದನ್ನು ಹೊಡೆದುಹಾಕಿ ಹನ್ನೆರಡು ಎಂದು ಬರೆದು, ಕೆಳಗೆ ‘ಲಾಭ ಸೇರಿ’ ಎಂದು ಬರೆದಿದ್ದನ್ನು ಮಾತ್ರ ನೋಡಿದೆ.

ಇನ್ನು ಉಳಿದದ್ದು ಮುದುಕಿ. ಗಣಿಗೆ ಹೋದ ದಿನ ಮಳೆ ಹನಿಯುತ್ತಲೇ ಇತ್ತು. ಕಾರು ಸರಿಯಾಗಿದೆ ಎಂದು ಬಾಯಿಯವರು ಹೇಳಿದರು. ಹೇಳುವುದನ್ನು ಮೊದಲೂ ಹೇಳಿದ್ದಿರಿ ಎಂದಳು ಮುದುಕಿ. ಆಮೇಲೆ ತಾನೇ ಕಾರು ಹತ್ತಿ ಮುಂದಿನ ಸೀಟಿನಲ್ಲಿ ಕೂತಳು. ರೈಲು ಗೇಟಿನವರೆಗೆ ಹೋಗಿ ಬರೋಣ ನಡೀರಿ ಎಂದಳು. ಹೋದೆವು. ಕೆಸರಿನ ಜಾಗದಲ್ಲಿ ನಿಲ್ಲಿಸಿ ಎಂದಳು. ಬಾಯಿಯವರು ಬ್ರೇಕು ಒತ್ತಿದರು. ಕಾರು ಎಲ್ಲಿತ್ತೋ ಅಲ್ಲೇ ಮೂಗು ನೇರ ಇಟ್ಟುಕೊಂಡು ನಿಂತಿತು. ಇನ್ನೊಮ್ಮೆ ಎಂದಳು. ಇನ್ನೊಮ್ಮೆ ನಿಂತಿತು. ಮುದುಕಿ ಹಿಂದೆ ತಿರುಗಿ ನನ್ನನ್ನು ನೋಡಿ, "ಯಾರು ರಿಪೇರಿ ಮಾಡಿದ್ದು?" ಎಂದಳು. ಬಾಯಿಯವರು ಗಲ್ಲ ಎತ್ತಿ ನನ್ನ ಕಡೆ ತೋರಿಸಿದರು. ನಾನು ಕಿಟಕಿಯಿಂದ ಹೊರಗೆ ನೋಡಿದೆ.

ಸೊಸೆಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ತಲೆಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಏಳು ದಿನ ನಮ್ಮಲ್ಲಿದ್ದಳು. ಬಾಯಿಯವರು ದಿನಾ ಹೊಟ್ಟೆಯ ಮೇಲಿನಿಂದ ಕೂಸನ್ನು ಮೆಲ್ಲಗೆ ತಿರುಗಿಸುತ್ತಿದ್ದರು; ತಿರುಗಿಸಿದ್ದು ಮರುದಿನಕ್ಕೆ ಮತ್ತೆ ಅಡ್ಡ. ಐದನೆಯ ದಿನ ತಲೆ ಕೆಳಗಾಗಿ ಹಾಗೇ ನಿಂತಿತು. ಎಂಟನೆಯ ದಿನ ಬೆಳಿಗ್ಗೆ ಹೆಣ್ಣುಕೂಸು ಹುಟ್ಟಿತು.

ಒರೆಸಿ ಕೊಟ್ಟರೆ ತಾಯಿ ಕಣ್ಣು ಬಿಡಲೊಲ್ಲಳು. ಕೈ ಬೆರಳು, ಕಾಲ ಬೆರಳು ಎಲ್ಲ ಸರಿ ಇವೆಯೋ ನೀನೇ ಎಣಿಸಿ ಹೇಳು, ನನಗೆ ಅಂಜಿಕೆ ಎಂದಳು. ನಾನು ಆ ಪುಟ್ಟ ಕೈ ಬಿಡಿಸಿ, ಅವಳಿಗೆ ಕೇಳುವಂತೆ ಬಾಯಿಬಿಟ್ಟು ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು, ಐದು. ಆ ಕೈಯಲ್ಲೂ ಐದು. ಕಾಲಿನಲ್ಲೂ ಐದೈದು.

ಕೈ ತೊಳೆಯುತ್ತಿದ್ದ ಬಾಯಿಯವರು ಅಲ್ಲಿಂದಲೇ ಕೇಳಿದರು: "ಯಾಕ, ಇವತ್ತು ಲಾಭ ಬಿಟ್ಟಿಯೇನು?"

"ಬಿಟ್ಟಿಲ್ಲರೀ ಬಾಯಾರ" ಎಂದೆ. "ಅದು ಇಲ್ಲೇ ಅಳಾಕ ಹತ್ತೇತಿ."